ಒಗ್ಗರಣೆ ವಾಸನೆಯ ಕ್ಲಿಪ್ಪರು

ಸಾರಿಗೆ ಉಪ್ಪು ಹಾಕಿದೆಯಾ ಎಂದು ಯಾರಾದರೂ ಕೇಳಿದರೆ ಗಂಗಲಕ್ಷ್ಮಿ ಏಳು ಸಮುದ್ರದಾಚೆಯಿಂದ ವಾಪಸು ಬಂದು ‘ಹ್ಞೂಂ’ ಅನ್ನುತ್ತಿದ್ದಳು. ಹಾಕಿರುತ್ತಿರಲಿಲ್ಲ. ಇಪ್ಪತ್ತಮೂರು ತುಂಬಿದ, ಡಿಗ್ರಿ ಮುಗಿಸಿದ ಹುಡುಗಿ ಹೀಗೇಕೆ ಎಂದರೆ ಮನೆಯವರೆಲ್ಲ ಅಜ್ಜಿಯ ಕಡೆ ಬೊಟ್ಟು ಮಾಡುತ್ತಿದ್ದರು. ಅಜ್ಜಿ ದೊಡ್ಡಕ್ಕ ಕುರಿ ಸಾಕಿದವರ ಮನೆಯಿಂದ ಬಂದವಳು. ಮೊಮ್ಮಗಳನ್ನು ಮುದ್ದೆಯಲ್ಲಿ ಎಷ್ಟು ಬೆಳೆಸಿದಳೋ ಕತೆಯಲ್ಲೂ ಅಷ್ಟೇ ಬೆಳೆಸಿದ್ದಳು. ಅದರ ಫಲ ಇಷ್ಟೇ: ಗಂಗಲಕ್ಷ್ಮಿಗೆ ಮುಚ್ಚಿದ ಡಬ್ಬಿ ಕಂಡರೆ ಒಳಗೆ ಯಾರೋ ಸೆರೆಯಲ್ಲಿದ್ದಾರೆ ಅನ್ನಿಸುತ್ತಿತ್ತು, ಒಲೆಯ ಮೇಲಿನ ಹಾಲು ಕಂಡರೆ ಹಾಲಿನ ಸಮುದ್ರ ನೆನಪಾಗುತ್ತಿತ್ತು, ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು.

ಅಂಥವಳ ಕೈಗೆ ಒಂದು ದಿನ ಕೊರಿಯರಿನವನು ಮುಚ್ಚಿದ ಡಬ್ಬಿಯೊಂದನ್ನು ಕೊಟ್ಟುಹೋದ. ಒಳಗಿದ್ದದ್ದು ನಾಯಿಯ ಕೂದಲು ಕತ್ತರಿಸುವ ಕ್ಲಿಪ್ಪರು. ಫೋನಿನಲ್ಲಿ ಯಾರೋ ಒಬ್ಬಳು ಉಣ್ಣೆಯ ಉಂಡೆಯಂಥ ನಾಯಿಯನ್ನು ಮೂರು ನಿಮಿಷದಲ್ಲಿ ರಾಜಕುಮಾರನನ್ನಾಗಿ ಮಾಡುವುದನ್ನು ಕಂಡು ತರಿಸಿದ್ದಳು. ಚಳ್ಳಕೆರೆಯಲ್ಲಿ ಮನುಷ್ಯರ ತಲೆಗೆ ಕೈಹಾಕುವವರು ಬೇಕಾದಷ್ಟು ಜನ ಇದ್ದರು, ನಾಯಿಗೊಬ್ಬರೂ ಇರಲಿಲ್ಲ. ಆ ಜಾಗ ತನಗಾಗಿಯೇ ಖಾಲಿ ಇದೆ ಎಂದು ಅವಳಿಗೆ ಖಾತ್ರಿಯಾಯಿತು. ಅಂಗಡಿಯ ಬೋರ್ಡು, ಬೋರ್ಡಿನ ಬಣ್ಣ, ಬಾಗಿಲಲ್ಲಿ ಸಾಲುಗಟ್ಟಿ ನಿಂತ ನಾಯಿಗಳು, ಎಲ್ಲವೂ ಕಣ್ಣಿಗೆ ಕಟ್ಟಿದವು. ಚಳ್ಳಕೆರೆಯ ನಾಯಿಗಳೆಲ್ಲ ಬೀದಿಯವು, ಅವುಗಳ ಮೈಮೇಲೆ ಕತ್ತರಿಸುವಷ್ಟು ಕೂದಲೇ ಇಲ್ಲ ಎಂಬ ಸಣ್ಣ ವಿಷಯ ಮಾತ್ರ ಕಣ್ಣಿಗೆ ಬೀಳಲಿಲ್ಲ.

ಡಬ್ಬಿಯ ಜೊತೆ ಇರುವೆ ಸಾಲಿನಂಥ ಅಕ್ಷರಗಳ ಒಂದು ಹಾಳೆ ಬಂದಿತ್ತು. ಗಂಗಲಕ್ಷ್ಮಿ ಅದರಲ್ಲಿ ಓದಿದ್ದು ಒಂದೇ ಸಾಲು: ಪ್ರತಿ ಸಲವೂ ಬ್ಲೇಡಿಗೆ ಎರಡು ಹನಿ ಎಣ್ಣೆ ಬಿಡಿ. ಎಣ್ಣೆಗೆ ಅವರ ಮನೆಯಲ್ಲೇನು ಬರ? ಅಪ್ಪ ಪಾಲಣ್ಣ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಕ್ಯಾನಿನಲ್ಲಿ ಯಾವಾಗಲೂ ಹೊಸ ಎಣ್ಣೆ ಇರುತ್ತಿತ್ತು. ಎರಡು ಹನಿ ಅನ್ನುವುದು ದೂರದೂರಿನವರ ಜಿಪುಣತನ ಎಂದುಕೊಂಡು ಅವಳು ಎರಡು ಚಮಚ ಬಿಟ್ಟಳು, ಹಬ್ಬಕ್ಕೆ ಮಗುವಿಗೆ ಎಣ್ಣೆ ನೀರು ಹಾಕುವವರ ಹಾಗೆ. ಪರೀಕ್ಷೆಗೆಂದು ಅಜ್ಜಿಯ ಕಂಬಳಿಯ ಅಂಚಿನ ಮೇಲೆ ಓಡಿಸಿ ನೋಡಿದಳು. ಕ್ಲಿಪ್ಪರು ಪಾಸಾಯಿತು, ಕಂಬಳಿ ನಪಾಸಾಯಿತು. ನಪಾಸಾದ ಭಾಗವನ್ನು ಒಳಕ್ಕೆ ಮಡಿಸಿಟ್ಟು, ಕ್ಲಿಪ್ಪರನ್ನು ಹಾಗೇ ಡಬ್ಬಿಗೆ ಹಾಕಿ, ಬರುವ ನಾಯಿಗಾಗಿ ಕಾಯುತ್ತ ಕೂತಳು.

ಮೂರು ವಾರದ ಮೇಲೆ ನಾಯಿ ಬಂತು. ತಂದವಳು ಕಾಲೇಜಿನ ಗೆಳತಿ ಮಾಲತಿ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಗೆ ಸೊಸೆಯಾಗಿ ಹೋದವಳು. ಮದುವೆಗೆ ಮೊದಲು ಸಾಕಿದ್ದ ಪುಟ್ಟ ನಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು. ಹೊಂಬಣ್ಣದ ಉದ್ದ ಕೂದಲು, ಎಲ್ಲಿ ಮುಖ ಎಲ್ಲಿ ಬಾಲ ಎಂದು ಬಿಸ್ಕತ್ತು ತೋರಿಸಿದ ಮೇಲೆಯೇ ತಿಳಿಯುವಂಥದು. ಗಂಡನ ಮನೆಯವರು ಅದಕ್ಕೆ ಜರಿ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರಿಗೇ ಈಗ ಅದು ಬೇಡವಾಗಿತ್ತು.

“ನಮ್ಮತ್ತೆ ಕೊನೇ ಮಾತು ಹೇಳಿಬಿಟ್ಟವ್ರೆ ಕಣೇ,” ಎಂದಳು ಮಾಲತಿ, ಶುಕ್ರವಾರ ಮಧ್ಯಾಹ್ನ ನಡುಮನೆಯಲ್ಲಿ ಕೂತು. “ಮಗ್ಗ ಇರೋದೇ ಮನೆಯೊಳಗೆ. ಇದರ ಕೂದಲು ಹಾರಿ ರೇಷ್ಮೆ ಎಳೆಯಾಗೆ ಸೇರ್ಕೊಂಡು ಹೋದ ಸಲ ಒಂದು ಸೀರೆ ಸೆರಗಿನಾಗೆ ನೇಯ್ದುಹೋಗಿತ್ತು. ತಗೊಂಡೋರು ಭೂತಗನ್ನಡಿ ಇಟ್ಕೊಂಡು ನೋಡಿ ವಾಪಸ್ ಕಳಿಸಿದ್ರು. ಸೋಮವಾರ ಹೊಸ ಸೀರೇದು ಉದ್ದೆಳೆಗಳ ಹಾಸು ಮಗ್ಗಕ್ಕೆ ಏರ್ತೈತೆ. ಅಷ್ಟರಾಗೆ ಕೂದಲಾದ್ರೂ ಹೋಗಬೇಕು, ಇಲ್ಲ ನಾಯಿಯಾದ್ರೂ ಹೋಗಬೇಕು ಅಂದವ್ರೆ. ಕೊಂಡ್ಲಹಳ್ಳಿ ಹತ್ರ ಹೊಲ ಐತಲ್ಲ, ಅಲ್ಲಿ ಪಂಪ್‌ಸೆಟ್ ಮನೇಗೆ ಕಟ್ಟಿಹಾಕ್ತಾರಂತೆ.”

ಜರಿ ಅಷ್ಟರಲ್ಲಿ ಗಂಗಲಕ್ಷ್ಮಿಯ ಕಾಲಿನ ಮೇಲೆ ಗಲ್ಲ ಇಟ್ಟು ಮಲಗಿತ್ತು. ಹಾಸಿಗೆ ಬಿಟ್ಟು ಬೇರೆ ಕಡೆ ಮಲಗಿ ಅಭ್ಯಾಸವಿಲ್ಲದ ನಾಯಿ, ಹೊಲದಲ್ಲಿ ಸರಪಳಿಗೆ. ಗಂಗಲಕ್ಷ್ಮಿಗೆ ಕಾಡಿನಲ್ಲಿ ಬಿಟ್ಟುಬಂದ ರಾಜಕುಮಾರಿಯರೆಲ್ಲ ಒಟ್ಟಿಗೆ ನೆನಪಾದರು.

“ನೀನು ಕ್ಲಿಪ್ಪರ್ ತಗೊಂಡಿದೀನಿ ಅಂತ ಸ್ಟೇಟಸ್ ಹಾಕಿದ್ದೆಯಲ್ಲ, ಅದಕ್ಕೇ ಬಂದೆ. ನಿಂಗೆ ಬರ್ತೈತೆ ತಾನೆ?”

“ಬರ್ತೈತೆ,” ಎಂದಳು ಗಂಗಲಕ್ಷ್ಮಿ. ಅವಳು ಕತ್ತರಿಸಿದ್ದು ಇದುವರೆಗೆ ಒಂದು ಕಂಬಳಿಯನ್ನು.

ಮಾಲತಿ ಜರಿಯನ್ನು ಬಿಟ್ಟು ಸಂಜೆ ಬಸ್ಸಿಗೆ ಹೋದಳು. ಶನಿವಾರ ಬೆಳಿಗ್ಗೆ ಗಂಗಲಕ್ಷ್ಮಿ ಅಂಗಳದಲ್ಲಿ ಗೋಣಿಚೀಲ ಹಾಸಿ ಜರಿಯನ್ನು ಕೂರಿಸಿ ಕ್ಲಿಪ್ಪರಿನ ಗುಂಡಿ ಒತ್ತಿದಳು. ‘ಗುಂಯ್’ ಎಂಬ ಸದ್ದು ಬರಬೇಕಾದ ಕಡೆ ಮೂಗು ಕಟ್ಟಿದವರ ಗೊರಕೆಯಂಥದು ಬಂತು. ಆದರೂ ಕುತ್ತಿಗೆಯಿಂದ ಶುರುಮಾಡಿ ಬೆನ್ನಿನ ಮೇಲೆ ಒಂದು ಗೇಣು ಓಡಿಸಿದಳು. ಒಂದು ಗೇಣಿನಷ್ಟು ದಾರಿ ಬಿದ್ದಿತು. ಅಲ್ಲಿಂದ ಮುಂದೆ ಕ್ಲಿಪ್ಪರು ಕತ್ತರಿಸುವುದನ್ನು ಬಿಟ್ಟು ಅಗಿಯತೊಡಗಿತು. ಕೂದಲಿನ ಒಂದು ಗಂಟನ್ನು ಕಚ್ಚಿಕೊಂಡದ್ದು ಬಿಡಲಿಲ್ಲ. ಜರಿ ಕುಂಯ್ಗುಟ್ಟಿ ಜಿಗಿದು ಓಡಿತು. ಬೆನ್ನಿನ ಮೇಲೆ ಗೊರಕೆ ಹೊಡೆಯುವ ಕ್ಲಿಪ್ಪರು, ಅದರ ಹಿಂದೆ ಗಂಗಲಕ್ಷ್ಮಿ. ಅಂಗಳದಲ್ಲಿ ಎರಡು ಸುತ್ತು, ಹುಣಸೆಮರಕ್ಕೆ ಒಂದು ಸುತ್ತು.

ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ದೊಡ್ಡಕ್ಕ ನೋಡಿದಳು. “ನೀನು ಅದಕ್ಕೆ ಕ್ಷೌರ ಮಾಡ್ತಿದ್ದೀಯೋ, ಅದು ನಿನ್ನ ಮೇಯಿಸ್ತೈತೋ?”

ಕೊನೆಗೆ ಕತ್ತರಿಯಿಂದ ಆ ಗಂಟನ್ನೇ ಕತ್ತರಿಸಿ ಕ್ಲಿಪ್ಪರನ್ನು ಬಿಡಿಸಿದ್ದಾಯಿತು. ಜರಿಗೆ ಗಾಯವೇನೂ ಆಗಿರಲಿಲ್ಲ. ಅದು ತಿರುಗಿ ಬಂದು ಕ್ಲಿಪ್ಪರಿನ ಬ್ಲೇಡನ್ನು ಅಕ್ಕರೆಯಿಂದ ನೆಕ್ಕಲು ನೋಡಿತು. ಎಂಥ ಕ್ಷಮಾಗುಣ ಎಂದು ಗಂಗಲಕ್ಷ್ಮಿಯ ಕಣ್ಣು ತುಂಬಿದವು. ನೆಕ್ಕಲು ಕಾರಣ ಏನಿರಬಹುದು ಎಂದು ಅವಳು ಆಗಲೇ ಯೋಚಿಸಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಯೋಚಿಸಲಿಲ್ಲ. ಒಳಗಿನ ಭೂತಕ್ಕೆ ಹಸಿವಾಗಿರಬೇಕೆಂದು ಎರಡು ಗಂಟೆ ಚಾರ್ಜಿಗೆ ಹಾಕಿದಳು. ಹಸಿರು ದೀಪ ಬಂತು, ಗೊರಕೆ ಹೋಗಲಿಲ್ಲ. ಅಂಗೈಗೆ ಎರಡು ಸಲ ಬಡಿದಳು. ಇನ್ನೂ ಒಂದು ಚಮಚ ಎಣ್ಣೆ ಕುಡಿಸಿದಳು. ಕೊನೆಗೆ ಸ್ಕ್ರೂ ಬಿಚ್ಚಿ ಎರಡೂ ಬ್ಲೇಡುಗಳನ್ನು ಕೈಗೆ ತೆಗೆದುಕೊಂಡಳು. ಬಿಚ್ಚುವಾಗ ಯಾವುದು ಮೇಲಿತ್ತು, ಎಷ್ಟು ಹಿಂದಿತ್ತು ಎಂದು ನೋಡಿಟ್ಟುಕೊಳ್ಳಬೇಕು ಎಂಬುದು ಬಿಚ್ಚಿದ ಮೇಲೆ ಹೊಳೆಯಿತು. ತೋಚಿದ ಹಾಗೆ ಜೋಡಿಸಿದಳು. ಒಂದು ಗೇಣು ಬೋಳು, ಮಿಕ್ಕದ್ದೆಲ್ಲ ಕಾಡು ಎಂಬಂಥ ಬೆನ್ನು ಹೊತ್ತು ಜರಿ ಅಂಗಳದಲ್ಲಿ ತಿರುಗುತ್ತಿತ್ತು. ಹೀಗೇ ವಾಪಸು ಕಳಿಸಿದರೆ ಕೊಂಡ್ಲಹಳ್ಳಿಯ ಸರಪಳಿ ಗ್ಯಾರಂಟಿ, ಅದೂ ನಗೆಪಾಟಲಿನ ಜೊತೆ.

ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಇಫ್ತಿಕಾರನ ಅಂಗಡಿ ಇತ್ತು. ಹೊಲಿಗೆ ಮಿಷನ್ನು, ಮಿಕ್ಸಿ, ಫ್ಯಾನು ಏನೇ ಕೆಟ್ಟರೂ ಊರಿನವರು ಅಲ್ಲಿಗೇ ಒಯ್ಯುತ್ತಿದ್ದರು. ಅವನು ಕ್ಲಿಪ್ಪರನ್ನು ತಿರುಗಿಸಿ ಮುರುಗಿಸಿ ನೋಡಿದ.

“ಏನಾಯ್ತಮ್ಮ ಇದಕ್ಕೆ?”

“ಸದ್ದು ಮಾಡ್ತೈತೆ ಅಣ್ಣ, ನಾಯಿ ಕೂದಲು ಕತ್ತರಿಸಲ್ಲ. ಮೋಟ್ರು ಹೋಗಿರಬೇಕು.”

“ಮೋಟ್ರು ಹೋಗಿದ್ರೆ ಸದ್ದು ಯಾರು ಮಾಡ್ತಾರೆ? ಎಣ್ಣೆ ಯಾವ್ದು ಬಿಟ್ರಿ?”

“ಮಿಷನ್ ಎಣ್ಣೆ.” ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಗಂಗಲಕ್ಷ್ಮಿಗೇ ಆಶ್ಚರ್ಯವಾಯಿತು.

ಇಫ್ತಿಕಾರ್ ಬ್ಲೇಡನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. “ಒಗ್ಗರಣೆ ವಾಸ್ನೆ ಬರ್ತೈತಲ್ಲಮ್ಮ. ಸಾಸಿವೆ ಒಂದು ಹಾಕಿಲ್ಲ ಅಷ್ಟೇ.”

ಗಂಗಲಕ್ಷ್ಮಿ ಚಪ್ಪಲಿಯ ತುದಿ ನೋಡುತ್ತ ನಿಂತಳು.

“ನಾಚ್ಕೋಬ್ಯಾಡ್ರಿ. ಈ ಊರಾಗೆ ಎಣ್ಣೆ ಅಂದ್ರೆ ಒಂದೇ. ಹೊಲಿಗೆ ಮಿಷನ್ನಿಗೂ ಅದೇ, ಬಾಗಿಲ ತಿರುಗಣಿಗೂ ಅದೇ. ನಮ್ಮಮ್ಮನೂ ಟೇಬಲ್ ಫ್ಯಾನಿಗೆ ಬಿಟ್ಟಿದ್ಲು. ಮೆಕ್ಯಾನಿಕ್ಕಿನ ಅಮ್ಮ ನೋಡ್ರಿ ಮತ್ತೆ. ತಿನ್ನೋ ಎಣ್ಣೆ ಕಬ್ಬಿಣಕ್ಕೆ ಬಿಟ್ರೆ ಮೊದಲು ಜಾರ್ತೈತೆ, ಆಮೇಲೆ ಗಾಳಿಗೆ ಅಂಟಾಗ್ತೈತೆ. ಆ ಅಂಟಿಗೆ ಕೂದಲು ಸೇರಿ ಗಚ್ಚಾಗೈತೆ ಇಲ್ಲಿ.” ಆಮೇಲೆ ಅವನು ಬ್ಲೇಡಿನ ತುದಿಯನ್ನು ಬೆಳಕಿಗೆ ಹಿಡಿದು, ಮೊದಲ ಸಲ ನಗುವುದನ್ನು ನಿಲ್ಲಿಸಿದ. “ಇದನ್ನ ಯಾರು ಬಿಚ್ಚಿದ್ದು?”

“ನಾನೇ.”

“ಓಡಾಡೋ ಬ್ಲೇಡು ಮುಂದಕ್ಕೆ ಬಂದುಬಿಟ್ಟೈತೆ. ಹಿಂಗೇ ನಾಯಿ ಮ್ಯಾಲಿಟ್ಟಿದ್ರೆ ಕೂದಲ ಜೊತೆ ತೊಗಲೂ ಬರ್ತಿತ್ತು.”

ಗಂಗಲಕ್ಷ್ಮಿ ಬ್ಲೇಡಿನ ತುದಿ ನೋಡಿದಳು. ಕಾಲ ಮೇಲೆ ಗಲ್ಲ ಇಟ್ಟು ಮಲಗಿದ ಪ್ರಾಣಿ. ಇಷ್ಟು ಹೊತ್ತೂ ತಾನು ಕಾಪಾಡುವವಳ ಪಾತ್ರದಲ್ಲಿ ಇದ್ದೇನೆಂದು ಅಂದುಕೊಂಡಿದ್ದಳು. ರಾಕ್ಷಸಿಯ ಪಾತ್ರವೂ ತನ್ನ ಕೈಯಲ್ಲೇ ಇತ್ತು.

“ನೀವೇ ಸರಿ ಮಾಡಿಕೊಡ್ರಣ್ಣ.”

“ನಾನು ಮಾಡಿಕೊಟ್ರೆ ಮುಂದಿನ ವಾರ ತಿರುಗಿ ಬರ್ತೀರಿ. ಕೈ ಹಾಕ್ರಿ. ನಾನು ನೋಡ್ತಿರ್ತೀನಿ.”

ಅವನು ಒಂದು ಮುಚ್ಚಳದಲ್ಲಿ ಸ್ವಲ್ಪ ಪೆಟ್ರೋಲು ಹಾಕಿ ಅಂಗಡಿಯ ಹೊರಗಿನ ಕಟ್ಟೆಯ ಮೇಲಿಟ್ಟ. ಬ್ಲೇಡುಗಳನ್ನು ಮಾತ್ರ ಅದರಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲಿನ ಸಂದಿ ಸಂದಿ ತಿಕ್ಕಿಸಿದ. ಕಂದು ಬಣ್ಣದ ಗಸಿ ಇಳಿಯಿತು. ಅದರಲ್ಲಿ ಅಜ್ಜಿಯ ಕಂಬಳಿಯ ಕರಿ ಎಳೆಗಳೂ ಇದ್ದವು. ಒರೆಸಿ, ಪೆಟ್ರೋಲಿನ ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗಿಡಿಸಿದ. ಜೋಡಿಸುವಾಗ, “ಓಡಾಡೋ ಬ್ಲೇಡು ಕೆಳಗಿನ ಬ್ಲೇಡಿಗಿಂತ ಎಳ್ಳುಕಾಳಿನಷ್ಟು ಹಿಂದೆ ಇರಬೇಕು. ಆ ಸಂದು ಈ ತುದಿಯಿಂದ ಆ ತುದಿಗೆ ಸಮ ಇರಬೇಕು, ಸೊಟ್ಟ ಆಗಬಾರ್ದು. ಸ್ಕ್ರೂ ತೀರಾ ಬಿಗಿ ಮಾಡಿದ್ರೆ ಬಿಸಿಯಾಗ್ತೈತೆ, ಸಡಿಲ ಬಿಟ್ರೆ ಕೂದಲು ಕಚ್ಕೊಳ್ತೈತೆ,” ಎಂದ. ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ ಮೇಲೆ ಗೊರಕೆ ಹೋಗಿ ‘ಗುಂಯ್’ ಬಂತು. ಹೊಲಿಗೆ ಮಿಷನ್ನಿನ ಎಣ್ಣೆಯ ಸಣ್ಣ ಬಾಟಲಿ ಕೊಟ್ಟು, “ಓಡ್ತಾ ಇರಬೇಕಾದ್ರೆ ಮೂತಿ ಕೆಳಗೆ ಮಾಡಿ ಎರಡೇ ಹನಿ. ಉಳಿದದ್ದು ಬಟ್ಟೇಲಿ ಸಾಫ್ ಒರೆಸ್ರಿ. ಇದು ನಾಯಿಗೂ ಅಡುಗೆಗೂ ಅಲ್ಲ,” ಎಂದ.

ಗಂಗಲಕ್ಷ್ಮಿ ಮಂತ್ರದ ಕತ್ತಿ ಗೆದ್ದವಳ ಹಾಗೆ ಮನೆಗೆ ಬಂದಳು. ಜರಿ ಅಷ್ಟರಲ್ಲಿ ಮನೆ ಹತ್ತಿರದ ಎಣ್ಣೆ ಮಿಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಕೆಂಪು ಮಣ್ಣಿನಲ್ಲಿ ಹೊರಳಿ, ಶೇಂಗಾ ಸಿಪ್ಪೆ ಮೆತ್ತಿಕೊಂಡು, ಬಾಲ ಅಲ್ಲಾಡಿಸುತ್ತ ಎದುರಾಯಿತು. ಹೊತ್ತು ಇಳಿಯುತ್ತಿತ್ತು, ಸೋಮವಾರ ದೂರವಿರಲಿಲ್ಲ. ಕೂತ ಕಡೆಯೇ ಶುರುಮಾಡಿದಳು. ನಾಲ್ಕು ಸಾಲು ಬೆಣ್ಣೆಯಲ್ಲಿ ಬೆರಳು ಎಳೆದ ಹಾಗೆ ಹೋಯಿತು. ಐದನೆಯದು ತಡವರಿಸಿತು. ಆರನೆಯದಕ್ಕೆ ಕ್ಲಿಪ್ಪರು ಮತ್ತೆ ಅಗಿಯತೊಡಗಿತು. ಬ್ಲೇಡು ಮುಟ್ಟಿದರೆ ರೊಟ್ಟಿ ಹಂಚು.

“ಆ ಇಫ್ತಿಕಾರಣ್ಣನಿಗೆ ಏನೂ ಬರಲ್ಲಜ್ಜಿ,” ಎಂದು ಕ್ಲಿಪ್ಪರನ್ನು ಜಗಲಿಯ ಮೇಲಿಟ್ಟಳು.

“ಕುಣೀಲಾರದೋಳಿಗೆ ನೆಲ ಡೊಂಕು,” ಎನ್ನುತ್ತ ದೊಡ್ಡಕ್ಕ ಕತ್ತರಿಸಿಬಿದ್ದ ಕೂದಲಿನ ಒಂದು ಹಿಡಿ ತೆಗೆದುಕೊಂಡು ಬೆರಳಲ್ಲಿ ಉಜ್ಜಿದಳು. ಅಂಗೈಯಲ್ಲಿ ಕೆಂಪು ಮರಳು ಉದುರಿತು. “ನಾಯಿ ತೊಳದೀಯೇನೇ?”

“ಇಲ್ಲ. ಕತ್ತರಿಸಿದ ಮ್ಯಾಲೆ ತೊಳೀತೀನಿ. ಅಪ್ಪನೂ ಕಟಿಂಗ್ ಮಾಡಿಸ್ಕೊಂಡು ಬಂದ ಮ್ಯಾಲೇ ಅಲ್ವಾ ಸ್ನಾನ ಮಾಡೋದು? ಕ್ಷೌರ ಆದೋರು ಮೈಮೇಲೆ ನೀರು ಹಾಕ್ಕೊಳ್ದೆ ಒಳಗೆ ಬರಬಾರ್ದು ಅಂತ ನೀನೇ ಹೊಸ್ತಿಲಾಗೆ ನಿಂತಿರ್ತೀಯ.”

ದೊಡ್ಡಕ್ಕ ಮೊಮ್ಮಗಳನ್ನು ಬಹಳ ಹೊತ್ತು ನೋಡಿದಳು. ಡಿಗ್ರಿ ಓದಿದವರನ್ನು ಅವಳು ಆಗಾಗ ಹೀಗೆ ನೋಡುವುದಿತ್ತು.

“ಅದು ಮನುಷ್ಯರಿಗೆ ಮಗಾ. ಕುರಿಗೆ ಮೊದಲು ನೀರು, ಆಮ್ಯಾಲೆ ಕತ್ತರಿ. ಮಣ್ಣು ಮೆತ್ತಿದ ತುಪ್ಪಟಕ್ಕೆ ಕತ್ತರಿ ಇಟ್ರೆ ಕತ್ತರಿ ಸಾಯ್ತೈತೆ. ಇದನ್ನ ನಿನಗೆ ಎಷ್ಟು ಸಲ ಹೇಳಿಲ್ಲ ನಾನು?”

“ಯಾವತ್ತು ಹೇಳಿದ್ದೆ?”

“ಕೆರೆ ಕನ್ನೆ ಕತೇಲಿ.”

ಕೆರೆ ಕನ್ನೆಯ ಕತೆ ಗಂಗಲಕ್ಷ್ಮಿಗೆ ಬಾಯಿಪಾಠ. ನೂರು ಕುರಿಯ ಒಡೆಯನಾದ ಒಬ್ಬ ಹುಡುಗ. ನೂರನೆಯ ಕುರಿಯ ತುಪ್ಪಟದ ಕೆಳಗೆ, ಶಾಪ ಹೊತ್ತ ಕೆರೆಯ ಕನ್ನೆ. ಆದರೆ ಅಜ್ಜಿ ಪ್ರತಿ ಸಲವೂ ಆ ಹುಡುಗ ಕುರಿಗಳನ್ನು ಕೆರೆಗಿಳಿಸಿ ಉಜ್ಜಿ ಉಜ್ಜಿ ತೊಳೆದದ್ದು, ಬಂಡೆಯ ಮೇಲೆ ಬಿಸಿಲಿಗೆ ಬಿಟ್ಟದ್ದು, ಮುಳ್ಳು ಗಂಟುಗಳನ್ನು ಬೆರಳಲ್ಲಿ ಬಿಡಿಸಿದ್ದು, ಹತ್ತು ಕುರಿಗೊಮ್ಮೆ ಕತ್ತರಿ ಒರೆಸಿ ತಣ್ಣಗೆ ಮಾಡಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳುತ್ತಿದ್ದಳು. ಮೊಮ್ಮಗಳು ತೊಡೆಯ ಮೇಲೆ ಹೊರಳಾಡಿ, “ಅದು ಬಿಡಜ್ಜಿ, ಕನ್ನೆ ಯಾವಾಗ ಬರ್ತಾಳೆ?” ಎಂದು ಪೀಡಿಸುತ್ತಿದ್ದಳು. ಇಪ್ಪತ್ತು ವರ್ಷ ಕತೆ ಕೇಳಿ ಅವಳು ಇಟ್ಟುಕೊಂಡದ್ದು ಕನ್ನೆಯ ಮೂಗುತಿಯನ್ನು, ಬಿಟ್ಟದ್ದು ಉಳಿದದ್ದೆಲ್ಲವನ್ನೂ.

“ಆ ಹುಡುಗ ತೊಂಬತ್ತೊಂಬತ್ತು ಕುರಿ ತೊಳೆಯೋದು ನೀನು ಸುಮ್ಮನೆ ಕತೆ ಉದ್ದ ಮಾಡೋಕೆ ಹೇಳ್ತೀಯ ಅಂದ್ಕೊಂಡಿದ್ದೆ.”

“ಕನ್ನೇನ ನಾನು ಕತೆ ಉದ್ದ ಮಾಡೋಕೆ ಹಾಕಿದ್ದು,” ಎಂದಳು ದೊಡ್ಡಕ್ಕ. “ನಮ್ಮವ್ವ ನಂಗೆ ಹೇಳಿದಾಗ ಅವಳು ಇರಲೇ ಇಲ್ಲ. ಆದ್ರೆ ಕುರಿ ತೊಳೆಯೋದಷ್ಟೇ ಹೇಳಿದ್ರೆ ನೀನು ಊಟ ಮಾಡ್ತಿರಲಿಲ್ಲ.”

ಭಾನುವಾರ ಗಂಗಲಕ್ಷ್ಮಿ ಕತೆಯನ್ನು ಮೊದಲಿನಿಂದ ಓದಿದ ಹಾಗೆ ಕೆಲಸ ಮಾಡಿದಳು. ಉಗುರು ಬೆಚ್ಚನೆಯ ನೀರಿನಲ್ಲಿ ಜರಿಯನ್ನು ತೊಳೆದಳು. ಮೂರನೇ ಬಕೆಟ್ಟಿಗೆ ನೀರು ಕೆಂಪಗೆ ಬರುವುದು ನಿಂತಿತು. ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ನೆರಳು ಸೇರುವ ಕಡೆ ಕಲ್ಲುಹಾಸಿನ ಮೇಲೆ ಬಿಟ್ಟು, ಮತ್ತೆ ಮಣ್ಣಿಗೆ ಹೋಗದಂತೆ ದೊಡ್ಡಕ್ಕನನ್ನು ಕಾವಲಿಗೆ ಕೂರಿಸಿದಳು. ಬುಡದ ತನಕ ಒಣಗಿದ ಮೇಲೆ ಹಣಿಗೆ ಹಿಡಿದು ಗಂಟು ಬಿಡಿಸಿದಳು. ಬಿಡದ ಗಂಟುಗಳನ್ನು ಕತ್ತರಿಯಿಂದ ಸೀಳಿದಳು. ಕ್ಲಿಪ್ಪರಿನ ಬ್ಲೇಡನ್ನು ಮತ್ತೆ ಬಿಚ್ಚಿ, ಶನಿವಾರದ ಮರಳನ್ನು ಬ್ರಷ್ಷಿನಿಂದ ಉದುರಿಸಿ, ಎಳ್ಳುಕಾಳಿನಷ್ಟು ಹಿಂದಕ್ಕೆ ಕೂರಿಸಿದಳು. ನಂಬಿಕೆ ಸಾಲದೆ ಡಬ್ಬಿಯಿಂದ ನಿಜವಾದ ಒಂದು ಎಳ್ಳುಕಾಳು ತಂದು ಪಕ್ಕದಲ್ಲಿಟ್ಟು ನೋಡಿದಳು. ಎರಡು ಹನಿ ಎಣ್ಣೆ. ಎರಡೇ.

‘ಗುಂಯ್’ ಎಂದಿತು. ಕೂದಲು ಬೆಳೆದ ದಿಕ್ಕಿನಲ್ಲೇ, ಒತ್ತದೆ ಓಡಿಸಿದಳು. ಹಾಲಿನ ಬಿಸಿ ನೋಡುವ ಹಾಗೆ ಬ್ಲೇಡನ್ನು ಆಗಾಗ ಮಣಿಕಟ್ಟಿಗೆ ತಾಗಿಸಿ, ಬಿಸಿ ಅನ್ನಿಸಿದರೆ ಆರಿಸಿ ಕಾದಳು. ಕಾಯುವ ಹೊತ್ತಿನಲ್ಲಿ ಕನಸು ಕಾಣಬಹುದಿತ್ತು, ಜರಿಯ ಹೊಟ್ಟೆಯ ತೆಳ್ಳನೆಯ ಚರ್ಮ ನೋಡಿದಾಗ ಧೈರ್ಯ ಬರಲಿಲ್ಲ. ಸಂಜೆಗೆ ಕಾಡಿನೊಳಗಿಂದ ಎರಡು ಕಣ್ಣು, ಒಂದು ಮೂತಿ, ನಾಲ್ಕು ಸಣ್ಣ ಕಾಲುಗಳ ನಾಯಿಯೊಂದು ಹೊರಬಂತು. ಕನ್ನೆಯ ಹಾಗೇನೂ ಇರಲಿಲ್ಲ. ಸ್ವಲ್ಪಮಟ್ಟಿಗೆ ಇಲಿಯ ಹಾಗಿತ್ತು.

ಸೋಮವಾರ ಮೊದಲ ಬಸ್ಸಿಗೆ ಜರಿಯನ್ನು ವೈರ್ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟಳು. ಕಂಡಕ್ಟರು “ಕೊಂಡ್ಲಹಳ್ಳಿ ಇಳಿಯೋರು ಯಾರು” ಎಂದು ಕೂಗಿದಾಗ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು.

ಮೊಳಕಾಲ್ಮೂರಿನ ಆ ಮನೆಯ ನಡುವೆ ಮಗ್ಗ ಇತ್ತು, ಪಕ್ಕದಲ್ಲಿ ಕುಂಕುಮ ಬಣ್ಣದ ರೇಷ್ಮೆ ಹಾಸು ಸುತ್ತಿಟ್ಟು ಕಾಯುತ್ತಿತ್ತು. ಮಾಲತಿ ಬಾಗಿಲಲ್ಲೇ ಜರಿಯನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗುವೋ ಅಳುವೋ ತಿಳಿಯಲಿಲ್ಲ. ಅತ್ತೆ ಮೂಗಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಕನ್ನಡಕ ಏರಿಸಿ ನಾಯಿಯ ಬೆನ್ನು ನೋಡಿದಳು.

“ಇದೇನಮ್ಮಾ, ಹೊಲ ಉಳುಮೆ ಮಾಡಿದಂಗೆ ಗೆರೆ ಗೆರೆ ಐತೆ?”

“ಡಿಸೈನು ಅತ್ತೆ,” ಎಂದಳು ಗಂಗಲಕ್ಷ್ಮಿ.

“ನಲವತ್ತು ವರ್ಷ ಡಿಸೈನೇ ನೇಯ್ದಿದೀನಿ ತಾಯಿ. ಇದು ಡಿಸೈನ್ ಅಲ್ಲ.”

ಮೂಗಮ್ಮ ಕೆಂಪು ರೇಷ್ಮೆಯ ಒಂದು ತುಂಡು ತಂದು, ಜರಿಯ ಕುತ್ತಿಗೆಯಿಂದ ಬಾಲದವರೆಗೆ ಮೂರು ಸಲ ಒತ್ತಿ ಎಳೆದಳು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದಳು. ಮಾಲತಿ ಗಂಗಲಕ್ಷ್ಮಿಯ ಕೈ ಹಿಡಿದುಕೊಂಡಳು. ಜರಿ ಕೂತು ನೆಲಕ್ಕೆ ಬಾಲ ಬಡಿಯಿತು.

“ಒಕಟಿ, ರೆಂಡು, ಮೂಡು.” ಮೂಗಮ್ಮ ಮನೆಮಾತು ತೆಲುಗಿನಲ್ಲಿ ಎಣಿಸುತ್ತ ಮೂರು ಕೂದಲುಗಳನ್ನು ಒಂದೊಂದಾಗಿ ಹೆಕ್ಕಿ ಬಾಗಿಲಾಚೆ ಊದಿದಳು. “ನನ್ನ ಮಗನ ತಲೆ ಒರೆಸಿದ್ರೆ ಇದಕ್ಕಿಂತ ಜಾಸ್ತಿ ಬರ್ತಾವೆ. ಅವನನ್ನ ಹೊಲದಾಗೆ ಕಟ್ಟಿಹಾಕೋಕೆ ಆಗ್ತೈತಾ? ಇರ್ಲಿ ಬಿಡು.”

ಮಾಲತಿ ಜರಿಯನ್ನು ಎತ್ತಿಕೊಂಡು ಒಳಗೋಡಿದಳು. ಮೂಗಮ್ಮ ರೇಷ್ಮೆ ಹಾಸಿನ ಎಳೆಗಳಿಗೆ ಕುಂಕುಮ ಇಡುತ್ತ, ತಿರುಗಿ ನೋಡದೆಯೇ ಹೇಳಿದಳು: “ಕೂದಲು ಮತ್ತೆ ಬೆಳೀತಾವೆ. ಮುಂದಿನ ಹಾಸು ಏರೋಕೆ ಮೊದಲು ಮತ್ತೆ ಬೋಳಿಸಬೇಕು. ಪ್ರತಿ ಸಲ ಚಳ್ಳಕೆರೆಗೆ ಹೊತ್ಕೊಂಡು ಹೋಗೋಕೆ ಆಗಲ್ಲ. ಆ ಮಿಷನ್ನು ಇವಳಿಗೂ ಕಲಿಸಿಕೊಟ್ಟು ಹೋಗು.”

ಊಟವಾದ ಮೇಲೆ ಗಂಗಲಕ್ಷ್ಮಿ ಕ್ಲಿಪ್ಪರು, ಬ್ರಷ್ಷು, ಎಣ್ಣೆ ಬಾಟಲಿ, ಒಂದು ಎಳ್ಳುಕಾಳು ಎಲ್ಲವನ್ನೂ ಚಾಪೆಯ ಮೇಲೆ ಹರಡಿಕೊಂಡು ಕೂತಳು. ಎದುರಿಗೆ ಮಾಲತಿ, ಅವಳ ತೊಡೆಯ ಮೇಲೆ ಗೆರೆ ಗೆರೆ ಜರಿ.

“ಮೊದಲು ನಾಯಿ ತೊಳೀಬೇಕು. ಮೂರು ಬಕೆಟ್ಟು ನೀರು, ಕೆಂಪು ಹೋಗೋ ತನಕ. ಆಮೇಲೆ ಬುಡದ ತನಕ ಒಣಗಿಸಬೇಕು...”

“ಅದು ಬಿಡೇ,” ಎಂದಳು ಮಾಲತಿ, ಕೈ ಚಾಚಿ. “ಗುಂಡಿ ಯಾವುದು ಒತ್ತೋದು, ಅದನ್ನ ಹೇಳು.”

ಗಂಗಲಕ್ಷ್ಮಿ ಕ್ಲಿಪ್ಪರನ್ನು ತನ್ನ ಬೆನ್ನ ಹಿಂದೆ ಸರಿಸಿ, ಕಾಲು ಮಡಿಚಿ ಸರಿಯಾಗಿ ಕೂತಳು.

“ಒಂದೂರಲ್ಲಿ ಒಬ್ಬ ಹುಡುಗ ಇದ್ದ,” ಎಂದು ಶುರುಮಾಡಿದಳು. “ಅವನಿಗೆ ನೂರು ಕುರಿ.”